ಕಾಣುವ ಕ್ರಿಯೆ, ಕಾಣದ ಭಾವ: ಮನೆಯಲ್ಲಿ ನೋಡಿದ ನಾಲ್ಕು ಚಿತ್ರಗಳು

ಮೌಲ್ಯಮಾಪನದ ಕೆಲಸ ಮುಗಿದು ಕಾಲೇಜಿಗೆ ರಜೆ ಬಂದ ಮೇಲೆ ಈ ಸಲ ಓದಿಗಿಂತ ಹೆಚ್ಚಾಗಿ ಚಲನಚಿತ್ರಗಳನ್ನು ನೋಡುವುದರಲ್ಲಿ ಕಾಲ ಸಂದಿತು. ರಾತ್ರಿಯ ಊಟವಾದ ಬಳಿಕ ಮನೆಯವರೆಲ್ಲ ಕುಳಿತು ಒಂದೊಂದಾಗಿ ನೋಡಿದ ಚಿತ್ರಗಳು ನಾಲ್ಕು: ‘ಸಂಸ್ಕಾರ’, ‘ಘಟಶ್ರಾದ್ಧ’, ‘ತಿಥಿ’ ಮತ್ತು ಹಿಂದಿ-ಇಂಗ್ಲಿಷ್ ಭಾಷೆಗಳಲ್ಲಿರುವ ‘ಶಿಪ್ ಆಫ್ ಥೀಸಿಯಸ್’. ಮೊದಲ ಎರಡನ್ನು ವಿದ್ಯಾರ್ಥಿದೆಸೆಯಲ್ಲಿ ನೋಡಿದ್ದೆ. ಉಳಿದೆರಡು ನನಗೆ ಹೊಸವು. ಯಾವುದೇ ಕ್ರಮವನ್ನು ಯೋಚಿಸಿ ಆರಿಸಿಕೊಂಡವುಗಳಲ್ಲ. ಆದರೂ ನಾಲ್ಕನ್ನೂ ನೋಡಿ ಮುಗಿಸಿದಾಗ ಅವುಗಳ ನಡುವಿನ ಸಂಬಂಧವೊಂದು ತಾನಾಗಿಯೇ ಗೋಚರಿಸಿತು. ಒಂದರಲ್ಲಿ ಸಂಸ್ಕಾರಕ್ಕಾಗಿ ಕಾದು ಕೊಳೆಯುವ ಶವ, ಇನ್ನೊಂದರಲ್ಲಿ ಬದುಕಿರುವವಳಿಗೇ ಮಾಡುವ ಶ್ರಾದ್ಧ, ಮತ್ತೊಂದರಲ್ಲಿ ನೂರು ದಾಟಿದ ಮುದುಕನ ಹನ್ನೊಂದನೆಯ ದಿನದ ತಿಥಿ, ಕೊನೆಯದರಲ್ಲಿ ಔಷಧವನ್ನೂ ಆಹಾರವನ್ನೂ ತೊರೆದ ಮುನಿ. ನಾಲ್ಕೂ ಸಾವನ್ನು ಕುರಿತವು; ನಾಲ್ಕರಲ್ಲಿಯೂ ಸಾವಿನ ಎದುರು ನಿಂತ ಮನುಷ್ಯನ ಒಳಗೆ ಏನು ನಡೆಯುತ್ತಿದೆ ಎಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣ ನನ್ನ ವೃತ್ತಿ. ಜನ್ನನ ‘ಯಶೋಧರ ಚರಿತೆ’ಯನ್ನು ತರಗತಿಯಲ್ಲಿ ಹಲವು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. 1209ರಲ್ಲಿ ರಚಿತವಾದ ಈ ಕಾವ್ಯದ ತಿರುಳು ವಿದ್ಯಾರ್ಥಿಗಳಿಗೆ ಮೊದಲ ಓದಿನಲ್ಲಿ ವಿಚಿತ್ರವಾಗಿ ತೋರುತ್ತದೆ. ಯಶೋಧರ ಯಾವ ಪ್ರಾಣಿಯನ್ನೂ ಕೊಲ್ಲಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಟ್ಟ, ಅಷ್ಟೆ. ಅದಕ್ಕಾಗಿ ತಾಯಿಮಕ್ಕಳಿಬ್ಬರೂ ನವಿಲು ನಾಯಿಗಳಾಗಿ, ಬೇರೆ ಬೇರೆ ತಿರ್ಯಗ್ಜನ್ಮಗಳನ್ನೆತ್ತಿ ಬೇಯಬೇಕಾಗುತ್ತದೆ. ‘ಹಿಟ್ಟನ್ನು ಕತ್ತರಿಸಿದರೆ ಯಾರಿಗೆ ನೋವು ಸರ್?’ ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ದ್ರವ್ಯಹಿಂಸೆ, ಭಾವಹಿಂಸೆಗಳ ಭೇದವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ದೊರೆಯದು. ಹೊರಗೆ ಜೀವವೊಂದು ಹೋಗುವುದು ದ್ರವ್ಯಹಿಂಸೆ. ಒಳಗೆ ಕೊಲ್ಲುವ ಸಂಕಲ್ಪ ಮೂಡುವುದು ಭಾವಹಿಂಸೆ. ಜೈನಶಾಸ್ತ್ರಕಾರರು ಹಿಂಸೆಯ ಬೇರನ್ನು ಗುರುತಿಸುವುದು ಎರಡನೆಯದರಲ್ಲಿ. ಕತ್ತಿ ಎತ್ತಿದ ಗಳಿಗೆಯಲ್ಲಿ ಯಶೋಧರನ ಕಣ್ಣಿಗೆ ಅದು ಹಿಟ್ಟಾಗಿರಲಿಲ್ಲ, ಕೋಳಿಯಾಗಿತ್ತು.

ಈಗ ಇದೇ ಪ್ರಸಂಗವನ್ನು ಚಲನಚಿತ್ರವಾಗಿ ಕಲ್ಪಿಸಿಕೊಳ್ಳೋಣ. ಕ್ಯಾಮೆರಾಕ್ಕೆ ಕಾಣುವುದೇನು? ಒಂದು ಗುಡಿ, ಒಂದು ಕತ್ತಿ, ಬಣ್ಣ ಬಳಿದ ಹಿಟ್ಟಿನ ಮುದ್ದೆ. ಕಾವ್ಯದ ಜೀವವಾದ ಸಂಕಲ್ಪವು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಜನ್ನನಿಗೂ ಈ ಕಷ್ಟದ ಅರಿವಿತ್ತೆಂದು ತೋರುತ್ತದೆ. ಅವನ ಕಾವ್ಯದಲ್ಲಿ ಬೆಂತರವೊಂದು ಆ ಹಿಟ್ಟಿನ ಕೋಳಿಯನ್ನು ಹೊಕ್ಕಿರುತ್ತದೆ. ಏಟು ಬಿದ್ದೊಡನೆ ಕೋಳಿ ಕೂಗುತ್ತದೆ. ಒಳಗಿನ ಹಿಂಸೆಯನ್ನು ಹೊರಗಿನ ಕಿವಿಗೆ ಕೇಳಿಸಲು ಕವಿ ಹೂಡಿದ ಉಪಾಯವದು. ಈ ಕಥೆಯನ್ನೇ ಆಧರಿಸಿ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದ ಗಿರೀಶ ಕಾರ್ನಾಡರೇ ‘ಸಂಸ್ಕಾರ’ ಚಿತ್ರದ ಪ್ರಾಣೇಶಾಚಾರ್ಯ ಎಂಬುದು ನೆನಪಾಗಿ, ಅದನ್ನು ಮತ್ತೆ ನೋಡುವ ಕುತೂಹಲ ಹೆಚ್ಚಿತು.

ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದ ‘ಸಂಸ್ಕಾರ’ (1970) ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದ ಚಿತ್ರ. ಆರಂಭದಲ್ಲಿ ಸೆನ್ಸಾರ್ ಮಂಡಳಿಯ ತಡೆಯನ್ನೆದುರಿಸಿ ಅನಂತರ ಬಿಡುಗಡೆಯಾಯಿತು. ಆಸ್ಟ್ರೇಲಿಯದ ಟಾಮ್ ಕೊವನ್ ಅವರ ಕಪ್ಪುಬಿಳುಪಿನ ಛಾಯಾಗ್ರಹಣದಲ್ಲಿ ಅಗ್ರಹಾರದ ಬೀದಿ, ಒಲೆ ಹೊತ್ತಿಸದ ಅಡಿಗೆಮನೆಗಳು, ಹಸಿವಿನಿಂದ ಕಂಗೆಟ್ಟ ಮುಖಗಳು, ಸಾಯುವ ಇಲಿಗಳು ಇವೆಲ್ಲ ಇಂದಿಗೂ ಮನಸ್ಸನ್ನು ಕಲಕುತ್ತವೆ. ಪಿ. ಲಂಕೇಶರ ನಾರಣಪ್ಪ ಕೆಲವೇ ದೃಶ್ಯಗಳಲ್ಲಿ ಬಂದರೂ ಚಿತ್ರದುದ್ದಕ್ಕೂ ಇರುವಂತೆ ಭಾಸವಾಗುತ್ತದೆ. ಕಾದಂಬರಿಯ ಸಮಾಜವಿಮರ್ಶೆಯನ್ನು ಚಿತ್ರ ಇನ್ನಷ್ಟು ಹರಿತಗೊಳಿಸಿದೆ ಎಂದರೂ ತಪ್ಪಾಗದು.

ಆದರೆ ಅನಂತಮೂರ್ತಿಯವರ ಕಾದಂಬರಿಯ ಕೊನೆಯ ಭಾಗ ನಿಂತಿರುವುದು ಸಂಕಲ್ಪದ ಪ್ರಶ್ನೆಯ ಮೇಲೆ. ಕಾಡಿನ ಕತ್ತಲಲ್ಲಿ ಚಂದ್ರಿಯೊಡನೆ ಆದದ್ದು ತಾನು ಮಾಡಿದ್ದೋ ತನಗೆ ಒದಗಿದ್ದೋ? ಸಂಕಲ್ಪವಿಲ್ಲದೆ ಆದದ್ದಾದರೆ ಅದರ ಹೊಣೆ ಯಾರದು? ಈಗ ಅದನ್ನು ತನ್ನ ನಿರ್ಧಾರವೆಂದು ಒಪ್ಪಿಕೊಂಡರೆ ಹಿಂದೆ ಆದದ್ದರ ಸ್ವರೂಪವೇ ಬದಲಾಗುವುದೆ? ಆಚಾರ್ಯರು ಇದನ್ನೆಲ್ಲ ತಮ್ಮೊಳಗೆ ವಾದಿಸುತ್ತ ನಡೆಯುತ್ತಾರೆ. ಪುಟ್ಟನ ಮಾತು, ಮೇಳಿಗೆಯ ಜಾತ್ರೆಯ ಗದ್ದಲ ಆ ವಾದಕ್ಕೆ ಅಡ್ಡ ಬರುತ್ತಿರುತ್ತವೆ. ಚಿತ್ರದಲ್ಲಿ ನಮಗೆ ದೊರೆಯುವುದು ಜಾತ್ರೆ ಮತ್ತು ನಡಿಗೆ. ವಾದ ನಡೆಯುತ್ತಿದೆ ಎಂಬುದನ್ನು ಕಾರ್ನಾಡರ ಮುಖ ಸೂಚಿಸುತ್ತದೆ. ವಾದವೇನೆಂಬುದು ಕಾದಂಬರಿಯನ್ನು ಓದಿದವನಿಗೆ ಮಾತ್ರ ಗೊತ್ತು. ಇಲ್ಲಿ ಒಳಗಿನ ಮಾತನ್ನು ಕಾಣಿಸುವ ದಾರಿ ಚಿತ್ರಕ್ಕೆ ದೊರೆತಿಲ್ಲವೆಂದೇ ನನ್ನ ಅಭಿಪ್ರಾಯ.

ಆ ದಾರಿಯನ್ನು ಕಂಡುಕೊಂಡ ಚಿತ್ರ ‘ಘಟಶ್ರಾದ್ಧ’ (1977). ಇದೂ ಅನಂತಮೂರ್ತಿಯವರ ಕಥೆಯೇ; ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಮೇಲೆ ಅದರ ಬಗ್ಗೆ ಮತ್ತೆ ಮಾತು ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಉಡುಪರ ವೇದಪಾಠಶಾಲೆಗೆ ಹೊಸದಾಗಿ ಬಂದ ಬಾಲಕ ನಾಣಿ, ಉಡುಪರ ವಿಧವೆ ಮಗಳು ಯಮುನಕ್ಕ ಇವರಿಬ್ಬರ ಸುತ್ತ ಕಥೆ ಹೆಣೆದುಕೊಂಡಿದೆ. ಶಾಲೆಯ ಮಾಸ್ತರನಿಂದ ಬಸಿರಾದ ಯಮುನೆಯ ಮನಸ್ಸಿನಲ್ಲಿ ಏನಿದೆ ಎಂದು ಅವಳು ಎಲ್ಲಿಯೂ ಹೇಳುವುದಿಲ್ಲ. ಚಿತ್ರವೂ ಅವಳ ಒಳಗನ್ನು ಹೊಗಲು ಯತ್ನಿಸುವುದಿಲ್ಲ. ನಾಣಿಯ ಕಣ್ಣುಗಳನ್ನು ನಮ್ಮ ಮುಂದಿಡುತ್ತದೆ.

ಮೂಲಕಥೆಯಲ್ಲಿ ನಾಣಿಯೇ ನಿರೂಪಕ, ಆದ್ದರಿಂದ ಇದು ಸುಲಭವೆಂದು ತೋರಬಹುದು. ಆದರೆ ಕಥೆಯಲ್ಲಿ ‘ನಾನು’ ಎಂಬ ಮಾತು ಮಾಡುವ ಕೆಲಸವನ್ನು ಚಿತ್ರದಲ್ಲಿ ಹುಡುಗನ ಮುಖ ಮಾಡಬೇಕು. ರಾತ್ರಿಯ ಹೊತ್ತಿನಲ್ಲಿ ಯಮುನೆ ಹಾವಿನ ಹುತ್ತಕ್ಕೆ ಕೈಯೊಡ್ಡುವ ಪ್ರಸಂಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮನೆಯಲ್ಲಿ ನೋಡುವುದರ ಲಾಭ ಇದೊಂದು. ಕಂದಪದ್ಯವೊಂದರ ಅನ್ವಯ ಹತ್ತದಿದ್ದಾಗ ಮೊದಲಿಗೆ ಮರಳುವಂತೆ ದೃಶ್ಯಕ್ಕೂ ಮರಳಬಹುದು. ಅವಳು ಸಾಯಲು ಹೊರಟವಳೋ, ಅವಮಾನದಿಂದ ಓಡಿಹೋಗಲು ಹೊರಟವಳೋ, ಹುಡುಗನಿಗೆ ತಿಳಿಯುವುದಿಲ್ಲ. ಅವನಿಗೆ ತಿಳಿಯುವುದು ಭಯ ಮತ್ತು ಅವಳ ಮೇಲಿನ ಮಮತೆ ಮಾತ್ರ. ಆ ಅರೆತಿಳಿವಿನ ಮೂಲಕವೇ ಅವಳ ಏಕಾಕಿತನ ನಮಗೆ ಪೂರ್ತಿಯಾಗಿ ತಿಳಿಯುತ್ತದೆ. ಕೊನೆಯಲ್ಲಿ ತಂದೆಯೇ ಮಗಳಿಗೆ ಘಟಶ್ರಾದ್ಧ ಮಾಡಿ ಮುಗಿಸುತ್ತಾನೆ. ತಲೆ ಬೋಳಿಸಿದ ಯಮುನೆ ಮರದಡಿಯಲ್ಲಿ ಒಬ್ಬಳೇ ಕುಳಿತಿರುತ್ತಾಳೆ. ಊರಿಗೆ ಮರಳುವ ನಾಣಿ ಅವಳನ್ನು ನೋಡುತ್ತಾನೆ. ವಿಧಿಯ ಪ್ರಕಾರ ಅವಳು ಸತ್ತವಳು. ಹುಡುಗನ ನೋಟದ ಪ್ರಕಾರ ಬದುಕಿರುವವಳು. ಇವೆರಡರ ನಡುವಿನ ಅಂತರವನ್ನು ಹೇಳಲು ಚಿತ್ರಕ್ಕೆ ಒಂದೇ ಒಂದು ಮಾತೂ ಬೇಕಾಗಿಲ್ಲ.

ರಾಮ್ ರೆಡ್ಡಿಯವರ ‘ತಿಥಿ’ (2015) ಹಿಡಿದ ದಾರಿ ಬೇರೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆ ಎಂದೂ ನಟಿಸಿರದ ಊರಿನ ಜನರನ್ನೇ ಇಟ್ಟುಕೊಂಡು ತೆಗೆದ ಈ ಚಿತ್ರದ ಕಥನದಲ್ಲಿ ಈರೇಗೌಡರ ಪಾಲು ದೊಡ್ಡದು. ಆ ಸೀಮೆಯ ಆಡುಮಾತು ಎಲ್ಲಿಯೂ ಹದಗೆಟ್ಟಿಲ್ಲ. ಸೆಂಚುರಿಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ, ಮರಿಮಗನಿಗೆ ಕುರುಬರ ಹುಡುಗಿಯ ಚಿಂತೆ. ಸತ್ತವನ ಮಗ ಗಡ್ಡಪ್ಪನಿಗೆ ಮಾತ್ರ ಯಾವ ಚಿಂತೆಯೂ ಇದ್ದಂತಿಲ್ಲ. ಹೊಲದ ಬದುವಿನ ಮೇಲೆ ನಡೆಯುತ್ತಾನೆ, ಬೀಡಿ ಸೇದುತ್ತಾನೆ, ಕುಡಿಯುತ್ತಾನೆ. ತಂದೆ ಸತ್ತ ಸುದ್ದಿಯೂ ಅವನ ನಡಿಗೆಯನ್ನು ನಿಲ್ಲಿಸುವುದಿಲ್ಲ. ‘ಇವನೇ ನಿಜವಾದ ವಿರಾಗಿ’ ಎಂದು ನಾವು ನಗುತ್ತ ನೋಡುತ್ತಿದ್ದೆವು. ಆಸ್ತಿ ಬೇಡ, ಮನೆ ಬೇಡ, ಕರ್ಮಾಂತರ ಬೇಡ, ಲಕ್ಷಣಗಳೆಲ್ಲ ಹೊಂದುತ್ತವೆ.

ಆಮೇಲೆ ಒಂದು ರಾತ್ರಿ ಕುರಿಮಂದೆಯವರ ಬೆಂಕಿಯ ಪಕ್ಕದಲ್ಲಿ ಕುಳಿತು ಗಡ್ಡಪ್ಪ ತನ್ನ ಕಥೆಯನ್ನು ಹೇಳುತ್ತಾನೆ. ಹೆಂಡತಿಯ ಕಥೆ, ತಂದೆಯ ಕಥೆ, ಸಂಸಾರ ಮುರಿದುಬಿದ್ದ ಬಗೆ. ಸ್ವರ ಏರುವುದಿಲ್ಲ, ಅಳು ಬರುವುದಿಲ್ಲ. ಅಷ್ಟು ಹೊತ್ತು ನಾವು ನೋಡಿ ನಕ್ಕ ನಡಿಗೆಯೆಲ್ಲ ಆ ಕೆಲವು ನಿಮಿಷಗಳಲ್ಲಿ ಬೇರೊಂದು ಅರ್ಥವನ್ನು ಪಡೆಯುತ್ತದೆ. ಅದು ವೈರಾಗ್ಯವಾಗಿರಲಿಲ್ಲ, ಮಾಯದ ಗಾಯವಾಗಿತ್ತು. ಅಥವಾ ಗಾಯವೇ ಕಾಲಕ್ರಮದಲ್ಲಿ ವೈರಾಗ್ಯವಾಯಿತೋ? ಚಿತ್ರ ತೀರ್ಪು ಕೊಡುವುದಿಲ್ಲ. ನಮ್ಮ ಪುರಾಣಗಳಲ್ಲಿಯೂ ವೈರಾಗ್ಯಕ್ಕೆ ನಿಮಿತ್ತವೊಂದಿರುತ್ತದೆ. ನೀಲಾಂಜನೆ ನೃತ್ಯದ ನಡುವೆಯೇ ಕಣ್ಮರೆಯಾದದ್ದು ಆದಿದೇವನಿಗೆ ನಿಮಿತ್ತವಾಯಿತು. ಪಂಪನಿಗೆ ಆ ನಿಮಿತ್ತದಿಂದ ಮನಸ್ಸಿಗೆ, ಮನಸ್ಸಿನಿಂದ ತ್ಯಾಗಕ್ಕೆ ದಾರಿ ತೋರಿಸುವ ಅವಕಾಶವಿತ್ತು. ‘ತಿಥಿ’ ನಿಮಿತ್ತವನ್ನೂ ತ್ಯಾಗವನ್ನೂ ಮುಂದಿಟ್ಟು ನಡುವಿನ ದಾರಿಯನ್ನು ನೋಡುವವನಿಗೇ ಬಿಡುತ್ತದೆ. ಆ ಬಿಡುವಿಕೆಯೇ ಅದರ ಗುಣ.

ನನ್ನನ್ನು ಹೆಚ್ಚು ದಿನ ಹಿಡಿದು ನಿಲ್ಲಿಸಿದ್ದು ಆನಂದ ಗಾಂಧಿಯವರ ‘ಶಿಪ್ ಆಫ್ ಥೀಸಿಯಸ್’. 2012ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ಕಂಡು, 2013ರಲ್ಲಿ ಭಾರತದಲ್ಲಿ ಬಿಡುಗಡೆಯಾಗಿ, ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದ ಚಿತ್ರವಿದು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಹಡಗು ಹಳೆಯ ಹಡಗೇ ಹೌದೆ ಎಂಬ ಗ್ರೀಕರ ಒಗಟೇ ಹೆಸರಿಗೆ ಮೂಲ. ಮೂರು ಕಥೆಗಳಿವೆ. ಕಣ್ಣಿನ ಕಸಿಯಾದ ಛಾಯಾಗ್ರಾಹಕಿ, ಮೂತ್ರಪಿಂಡದ ಕಸಿಯಾದ ಷೇರು ವ್ಯವಹಾರಸ್ಥ, ಇವರ ನಡುವೆ ಯಕೃತ್ತಿನ ರೋಗಕ್ಕೆ ಗುರಿಯಾದ ಮೈತ್ರೇಯನೆಂಬ ಮುನಿ. ಚಿತ್ರದಲ್ಲಿ ಆತನ ಧರ್ಮಕ್ಕೆ ಜೈನವೆಂಬ ಹೆಸರಿಲ್ಲ. ಆದರೆ ಬರಿಗಾಲ ನಡಿಗೆ, ಬಿಳಿಯ ವಸ್ತ್ರ, ಸಣ್ಣ ಹುಳುವಿನ ವಿಷಯದಲ್ಲಿಯೂ ಎಚ್ಚರ, ಆತ್ಮ ಕರ್ಮಗಳ ಚರ್ಚೆ ಇವನ್ನು ಕಂಡ ಜೈನ ಪ್ರೇಕ್ಷಕನಿಗೆ ಗುರುತು ಹತ್ತದೆ ಇರದು.

ಔಷಧಗಳ ಪರೀಕ್ಷೆಗಾಗಿ ಪ್ರಾಣಿಗಳನ್ನು ಹಿಂಸಿಸುವುದರ ವಿರುದ್ಧ ಮೈತ್ರೇಯ ನ್ಯಾಯಾಲಯದಲ್ಲಿ ಹೋರಾಡುತ್ತಿರುತ್ತಾನೆ. ಅವನಿಗೇ ರೋಗ ಬರುತ್ತದೆ. ಬದುಕಬೇಕಾದರೆ ಆ ಔಷಧಗಳನ್ನೇ ಸೇವಿಸಬೇಕು. ಆತ ಒಲ್ಲೆನೆನ್ನುತ್ತಾನೆ, ಕೊನೆಗೆ ಆಹಾರವನ್ನೂ ಬಿಡುತ್ತಾನೆ. ಚಾರ್ವಾಕನೆಂದೇ ಹೆಸರು ಪಡೆದ ತರುಣ ವಕೀಲ ಅವನೊಡನೆ ವಾದಿಸುತ್ತಾನೆ. ಈ ವಾದಗಳು ಕನ್ನಡದ ಜೈನಕಾವ್ಯಗಳಲ್ಲಿ ಬರುವ ಪರಮತ ಖಂಡನೆಯ ಭಾಗಗಳಿಗಿಂತ ಹೆಚ್ಚು ಸೌಹಾರ್ದದಿಂದ ಕೂಡಿವೆ; ಎದುರಾಳಿಯನ್ನು ಮೂರ್ಖನನ್ನಾಗಿ ಮಾಡುವ ಹಟ ಇಲ್ಲಿಲ್ಲ. ನೀರಜ್ ಕಬಿಯವರ ದೇಹ ದೃಶ್ಯದಿಂದ ದೃಶ್ಯಕ್ಕೆ ಕ್ಷೀಣಿಸುತ್ತದೆ. ಅನಂತರ ಯಾವ ಘೋಷಣೆಯೂ ಇಲ್ಲದೆ ಮುನಿ ಕಸಿಗೆ ಒಪ್ಪಿಕೊಳ್ಳುತ್ತಾನೆ. ಏಕೆಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ಕೊನೆಯಲ್ಲಿ, ಒಬ್ಬನೇ ದಾನಿಯ ಅಂಗಗಳನ್ನು ಪಡೆದವರ ನಡುವೆ ಆತನೂ ಕುಳಿತಿರುವುದನ್ನು ಕಾಣುತ್ತೇವೆ.

‘ಅಪ್ಪ, ಹಾಗಾದ್ರೆ ಅವರು ಸೋತ್ರಾ?’ ಎಂದು ಮಗಳು ಕೇಳಿದಳು.

ಸೋಲು ಎನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಅವಳಿಗೆ ಸಮಂತಭದ್ರಾಚಾರ್ಯರ ಕಥೆಯನ್ನು ಹೇಳಿದೆ. ಸಲ್ಲೇಖನದ ಲಕ್ಷಣವನ್ನು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಖಚಿತವಾಗಿ ನಿರೂಪಿಸಿದವರು ಅವರು: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪರಿಹಾರವೇ ಇಲ್ಲದಂತೆ ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು. ಆ ಆಚಾರ್ಯರಿಗೇ ಭಸ್ಮಕವ್ಯಾಧಿ ತಗುಲಿತೆಂದೂ ಅವರು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರೆಂದೂ ಪರಂಪರೆಯ ಕಥೆ ಹೇಳುತ್ತದೆ. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಸದ್ಯಕ್ಕೆ ಬದಿಗಿರಿಸಿ, ರೋಗವನ್ನು ಕಳೆದುಕೊಂಡು, ಮರಳಿ ದೀಕ್ಷೆ ತೆಗೆದುಕೋ ಎಂದರು. ಆಚಾರ್ಯರು ಮುನಿವೇಷವನ್ನು ಕಳಚಿಟ್ಟು ಅನ್ನವನ್ನು ಅರಸಿ ಹೊರಟರು. ದೇವಚಂದ್ರನ ‘ರಾಜಾವಳೀ ಕಥಾಸಾರ’ದಲ್ಲಿಯೂ ಈ ವೃತ್ತಾಂತವಿದೆ. ಅದನ್ನು ಐತಿಹಾಸಿಕ ಸತ್ಯವೆಂದು ವಾದಿಸುವ ಅಗತ್ಯ ನನಗಿಲ್ಲ. ವ್ರತದ ಲಕ್ಷಣವನ್ನು ಬರೆದವನ ಕಥೆಯಲ್ಲಿಯೇ ವ್ರತಕ್ಕೆ ಅನುಮತಿ ನಿರಾಕರಿಸಿದ ಪ್ರಸಂಗವನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ ಎಂಬುದು ನನಗೆ ಮುಖ್ಯ. ಆ ಬೆಳಕಿನಲ್ಲಿ ನೋಡಿದರೆ ಮೈತ್ರೇಯ ವ್ರತಭ್ರಷ್ಟನೆಂದು ಅವಸರದಲ್ಲಿ ಹೇಳಲಾಗದು. ಆದರೆ ಚಿತ್ರದಲ್ಲಿ ಮುನಿಗೆ ‘ಬೇಡ’ ಎನ್ನುವ ಗುರುವಿಲ್ಲ. ನಿರ್ಧಾರವನ್ನು ಆತ ಒಬ್ಬನೇ ತೆಗೆದುಕೊಳ್ಳಬೇಕು, ಒಬ್ಬನೇ ಬದಲಿಸಬೇಕು. ಸಂಘದಿಂದ ಬೇರ್ಪಟ್ಟ ಈ ಒಂಟಿತನವೇ ಅವನನ್ನು ಪ್ರಾಚೀನ ಕಥೆಗಳ ಮುನಿಗಳಿಂದ ಬೇರೆಮಾಡಿ ನಮ್ಮ ಕಾಲದವನನ್ನಾಗಿಸುತ್ತದೆ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ‘ದೊಡ್ಡಮ್ಮನ್ನ ನೋಡಿದ್ದೀವಲ್ಲ’ ಎಂದಳು ನನ್ನ ಹೆಂಡತಿ. ನನ್ನ ದೊಡ್ಡಮ್ಮ ಕೆಲವು ವರ್ಷಗಳ ಹಿಂದೆ, ಎಂಬತ್ತೆಂಟರ ವಯಸ್ಸಿನಲ್ಲಿ, ಮುನಿಗಳೊಬ್ಬರ ಮಾರ್ಗದರ್ಶನದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡಿದ್ದರು. ಅನ್ನದಿಂದ ಗಂಜಿಗೆ, ಗಂಜಿಯಿಂದ ಹಾಲಿಗೆ, ಹಾಲಿನಿಂದ ನೀರಿಗೆ ಇಳಿಸಿಕೊಳ್ಳುತ್ತ ಹೋದರು. ಬಂಧುಗಳಲ್ಲಿ ಒಮ್ಮತವಿರಲಿಲ್ಲ. ವೈದ್ಯನಾಗಿದ್ದ ಒಬ್ಬ ಅಳಿಯ ಇದನ್ನು ಮುಪ್ಪಿನ ಖಿನ್ನತೆಯೆಂದ, ಚಿಕಿತ್ಸೆ ಕೊಡಿಸಬೇಕೆಂದ. ಉಳಿದವರು ಮಹಾಪುಣ್ಯವೆಂದು ಪಾದ ಮುಟ್ಟಿದರು. ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿ ಎಲ್ಲರಿಗೂ ಕಳುಹಿಸಿದ್ದರು. ಅದು ಇಂದಿಗೂ ನನ್ನ ಬಳಿ ಇದೆ. ಸುತ್ತಲೂ ಹೆಂಗಸರು ಪಂಚನಮಸ್ಕಾರವನ್ನು ಹೇಳುತ್ತಿದ್ದಾರೆ. ದೊಡ್ಡಮ್ಮನ ಕಣ್ಣು ಮುಚ್ಚಿದೆ, ಬೆರಳುಗಳು ಮಾತ್ರ ಅಲುಗಾಡುತ್ತವೆ. ‘ಶಿಪ್ ಆಫ್ ಥೀಸಿಯಸ್’ ನೋಡಿದ ಮರುದಿನ ಅದನ್ನು ಮತ್ತೆ ನೋಡಿದೆ. ಅಳಿಯ ನೋಡಿದರೆ ಅವನ ಮಾತಿಗೂ ಅದೇ ಸಾಕ್ಷಿ, ಪಾದ ಮುಟ್ಟಿದವರು ನೋಡಿದರೆ ಅವರ ಮಾತಿಗೂ ಅದೇ ಸಾಕ್ಷಿ.

ನನಗೆ ಬೇರೊಂದು ಸಾಕ್ಷಿಯಿದೆ. ಹಾಲನ್ನು ಬಿಟ್ಟ ದಿನ ದೊಡ್ಡಮ್ಮ ನನ್ನ ಹೆಂಡತಿಯ ಕೈ ಹಿಡಿದು ಹೇಳಿದ್ದರು: ‘ಸಾಯ್ಬೇಕು ಅಂತ ಅಲ್ಲ ಕಣೇ. ಸಾಕು ಅಂತ.’ ಅದನ್ನು ಯಾರೂ ಚಿತ್ರೀಕರಿಸಲಿಲ್ಲ. ಶಾಸ್ತ್ರವು ಸಲ್ಲೇಖನದ ಅತಿಚಾರಗಳನ್ನು ಎಣಿಸುವಾಗ ಬದುಕುವ ಆಸೆಯನ್ನು ಹೇಳಿದಂತೆಯೇ ಸಾಯುವ ಆಸೆಯನ್ನೂ ದೋಷವೆಂದು ಹೇಳುತ್ತದೆ. ಜೀವಿತಾಶಂಸೆ, ಮರಣಾಶಂಸೆ ಎಂಬವು ಅವುಗಳ ಹೆಸರು. ನಾಲ್ಕನೆಯ ತರಗತಿಯವರೆಗೆ ಓದಿದ್ದ ದೊಡ್ಡಮ್ಮನಿಗೆ ಈ ಪಾರಿಭಾಷಿಕ ಪದಗಳು ಗೊತ್ತಿದ್ದವೋ ಇಲ್ಲವೋ. ‘ಬೇಕು’ ಮತ್ತು ‘ಸಾಕು’ಗಳ ಭೇದ ಗೊತ್ತಿತ್ತು.

ಈ ಭೇದ ಮನೆಯೊಳಗಿನ ಚರ್ಚೆಗೆ ಮಾತ್ರ ಸೀಮಿತವಾದುದಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮಾನವಾದ ದಂಡನೀಯ ಕೃತ್ಯವೆಂದು ತೀರ್ಪು ನೀಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನ್ಯಾಯಾಲಯದ ಕಷ್ಟವೂ ಒಂದರ್ಥದಲ್ಲಿ ಕ್ಯಾಮೆರಾದ ಕಷ್ಟವೇ. ಅದರ ಮುಂದೆ ಬರುವುದು ದ್ರವ್ಯ: ಒಬ್ಬರು ಆಹಾರವನ್ನು ಬಿಟ್ಟರು, ಸತ್ತರು. ಭಾವವನ್ನು ಸಾಕ್ಷ್ಯವಾಗಿ ಹಾಜರುಪಡಿಸುವುದು ಹೇಗೆ? ನಮ್ಮ ಸಮುದಾಯದವರಾದ ನಾವೂ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಮೆರವಣಿಗೆ, ಭಿತ್ತಿಪತ್ರ, ವಿಡಿಯೊಗಳಲ್ಲಿ ತೊಡಗಿದರೆ ವ್ರತವನ್ನು ಹೊರಗಿನ ಕ್ರಿಯೆಯ ಮಟ್ಟಕ್ಕೆ ಇಳಿಸುವವರು ನಾವೇ ಆಗುತ್ತೇವೆ.

ಹಿಂದಿನವರು ಇದನ್ನು ಹೇಗೆ ನಿರ್ವಹಿಸಿದರು? ಶ್ರವಣಬೆಳ್ಗೊಳದ ಚಂದ್ರಗಿರಿಯ ಮೇಲಿನ ಹಳೆಯ ನಿಸಿದಿ ಶಾಸನಗಳನ್ನು ನೋಡಬಹುದು. ಹೆಚ್ಚಿನವು ಬಹಳ ಚಿಕ್ಕವು: ಇಂಥವರ ಶಿಷ್ಯರು ಇಂಥವರು, ವ್ರತ ಕೈಗೊಂಡು ಮುಡಿಪಿದರು, ಕೆಲವೆಡೆ ದಿನಗಳ ಲೆಕ್ಕ. ಶಾಸನ ತನಗೆ ಕಂಡದ್ದನ್ನು ಬರೆದು ಬಂಡೆಯ ಮೇಲೆ ಬಿಟ್ಟುಬಿಡುತ್ತದೆ. ‘ವಡ್ಡಾರಾಧನೆ’ ಇದರ ಇನ್ನೊಂದು ತುದಿ. ನರಿ ತನ್ನ ಮೈಯನ್ನು ತಿನ್ನುತ್ತಿರುವಾಗ ಸುಕುಮಾರಸ್ವಾಮಿ ಏನನ್ನು ಭಾವಿಸುತ್ತಿದ್ದನೆಂಬುದನ್ನು ಅಲ್ಲಿಯ ನಿರೂಪಕ ನಿಸ್ಸಂಕೋಚವಾಗಿ ಹೇಳಬಲ್ಲ. ಕಥೆಗಾರನಿಗೆ ಆ ಅಧಿಕಾರವಿದೆ. ಒಂದು ಹೊರಗೇ ನಿಲ್ಲುವ ಪ್ರಾಮಾಣಿಕತೆ, ಇನ್ನೊಂದು ಒಳಹೊಕ್ಕು ನೋಡುವ ಧೈರ್ಯ. ಕನ್ನಡದ ಪರಂಪರೆ ಎರಡನ್ನೂ ಬಹುಕಾಲ ಒಟ್ಟಿಗೆ ನಡೆಸಿಕೊಂಡು ಬಂದಿದೆ.

ನಾನು ನೋಡಿದ ಚಿತ್ರಗಳಲ್ಲಿ ಗೆದ್ದವು, ತಮ್ಮ ಮಾಧ್ಯಮ ಶಾಸನಕ್ಕೆ ಹತ್ತಿರವಾದದ್ದೆಂದು ಅರಿತವು. ‘ಘಟಶ್ರಾದ್ಧ’ ಇನ್ನೊಬ್ಬರ ಕಣ್ಣನ್ನು ಇಟ್ಟಿತು, ‘ತಿಥಿ’ ಬೆಂಕಿಯ ಪಕ್ಕದ ಮಾತನ್ನು ಇಟ್ಟಿತು, ‘ಶಿಪ್ ಆಫ್ ಥೀಸಿಯಸ್’ ಒಂದು ಮೌನವನ್ನು ಇಟ್ಟಿತು. ಕಾದಂಬರಿಯ ಮನೋವ್ಯಾಪಾರವನ್ನು ಹಾಗೆಯೇ ಮುಖದ ಮೇಲೆ ತರಲು ಹೊರಟ ಕಡೆ ‘ಸಂಸ್ಕಾರ’ ಬಳಲಿತು. ಕೃತಿ ಮತ್ತು ಚಿತ್ರಗಳ ತೌಲನಿಕ ಅಧ್ಯಯನಕ್ಕೆ ತೊಡಗುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಯಾವ ಪಾತ್ರ ಬಿಟ್ಟುಹೋಗಿದೆ, ಯಾವ ಘಟನೆ ಬದಲಾಗಿದೆ ಎಂಬ ಪಟ್ಟಿಯನ್ನು ತಯಾರಿಸುತ್ತಾರೆ. ಆ ಪಟ್ಟಿಯ ಜೊತೆಗೆ ಇನ್ನೊಂದನ್ನೂ ಮಾಡಬಹುದು: ಮೂಲದಲ್ಲಿ ‘ಅವನು ಎಣಿಸಿದ’, ‘ಅವಳಿಗೆ ತೋರಿತು’ ಎಂದಿರುವ ಎಡೆಗಳನ್ನೆಲ್ಲ ಗುರುತು ಹಾಕಿಕೊಂಡು, ಅಂಥ ಒಂದೊಂದು ಎಡೆಯಲ್ಲಿ ಚಿತ್ರ ಏನು ಮಾಡಿದೆ ಎಂದು ನೋಡುವುದು. ‘ಘಟಶ್ರಾದ್ಧ’ದ ಹುತ್ತದ ಪ್ರಸಂಗದಿಂದ ಆರಂಭಿಸಿದರೆ ಒಳ್ಳೆಯದು. ಕಥೆಯನ್ನು ಎದುರಿಗಿಟ್ಟುಕೊಂಡು, ಬೇಕೆಂದಲ್ಲಿ ಚಿತ್ರವನ್ನು ನಿಲ್ಲಿಸುತ್ತ ನೋಡಲು ಒಂದು ಸಂಜೆ ಸಾಕಾಗುತ್ತದೆ.